ಡಿಸೆಂಬರಿನಲ್ಲಿ ಕುಗ್ಗಿದ ಮಕ್ಕಳು

ಸಾವಿರದ ಒಂಬೈನೂರ ತೊಂಬತ್ತೊಂದರಲ್ಲಿ ನಾನು ಶಾಲೆ ಬಿಟ್ಟೆ. ಏಳನೆಯ ತರಗತಿ ಪಾಸಾಗಿತ್ತು. ಯಾರೂ ಬಿಡಿಸಿದ್ದಲ್ಲ, ನಾನು ಅತ್ತದ್ದೂ ಇಲ್ಲ. ಹೈಸ್ಕೂಲು ದೂರ ಇತ್ತು, ಬಂಟ್ವಾಳ ಪೇಟೆಯ ಹೊಲಿಗೆ ಅಂಗಡಿ ಹತ್ತಿರ ಇತ್ತು, ಅಷ್ಟೆ. ಆ ಅಂಗಡಿಯ ಯಜಮಾನರನ್ನು ಎಲ್ಲರೂ ಮಾಸ್ಟ್ರು ಎಂದೇ ಕರೆಯುತ್ತಿದ್ದರು. ಅವರ ಕೈಕೆಳಗೆ ಎಂಟು ವರ್ಷ ಕೆಲಸ ಕಲಿತು, ಆಮೇಲೆ ಮಡಂತ್ಯಾರಿನಲ್ಲಿ ಸ್ವಂತ ಅಂಗಡಿ ಹಾಕಿದೆ. ಗಂಡಸರ ಬಟ್ಟೆ, ಮಕ್ಕಳ ಯೂನಿಫಾರ್ಮು. ರೆಡಿಮೇಡ್ ಬಂದ ಮೇಲೆ ಆಚೀಚೆಯ ಮೂವರು ಟೈಲರ್‌ಗಳು ಬಾಗಿಲು ಹಾಕಿದರು, ನಾನು ಹಾಕಲಿಲ್ಲ. ನನ್ನ ಕೈಯ ಪ್ಯಾಂಟು ಬೇಕೆಂದು ದುಬೈಯಿಂದ ರಜೆಯಲ್ಲಿ ಬಂದವರು ಮೊದಲ ವಾರವೇ ಅಂಗಡಿಗೆ ಬರುತ್ತಾರೆ. ಇದಕ್ಕೆ ಜಂಬ ಎನ್ನುವುದಾದರೆ ಎನ್ನಿ, ನನಗೇನೂ ಬೇಸರವಿಲ್ಲ.

ನಮ್ಮ ಒಬ್ಬಳೇ ಮಗಳು ಪಿಯುಸಿ ಆದ ಮೇಲೆ ಮಿಜಾರಿನ ಕಡೆಯ ಒಂದು ಕಾಲೇಜಿನಲ್ಲಿ ಬಿ.ಕಾಂ. ಸೇರಿದಳು. ಬರೀ ಬಿ.ಕಾಂ. ಅಲ್ಲ, ಅದರ ಜೊತೆಗೆ ಡೇಟಾ ಅನಾಲಿಟಿಕ್ಸ್. ಅಂಗಡಿಗೆ ಬಂದವರು ಮಗಳು ಏನು ಓದುತ್ತಾಳೆಂದು ಕೇಳಿದರೆ ನಾನು ಆ ಹೆಸರನ್ನು ನಿಧಾನವಾಗಿ, ತಪ್ಪಿಲ್ಲದೆ ಹೇಳುತ್ತಿದ್ದೆ. ಅದು ಎಂತದ್ದು ಎಂದು ಮತ್ತೆ ಕೇಳಿದರೆ ಮಾತ್ರ ಕಷ್ಟ. ಒಂದು ದಿನ ಅವಳನ್ನೇ ಕೇಳಿದೆ. ಮನೆಯಲ್ಲಿ ನಮ್ಮ ಮಾತು ತುಳು. ಇಲ್ಲಿ ಕನ್ನಡ ಮಾಡಿ ಬರೆದಿದ್ದೇನೆ.

"ಇದ್ದ ಮಾಹಿತಿಯನ್ನೆಲ್ಲ ಒಟ್ಟು ಹಾಕಿ ಅದರೊಳಗೆ ಎಂತ ಅಡಗಿ ಕೂತಿದೆ ಅಂತ ನೋಡುವುದು ಪಪ್ಪ."

"ಹಾಗಾದರೆ ಅದನ್ನೇ ಅಲ್ವಾ ನಾನು ಮೂವತ್ತು ವರ್ಷದಿಂದ ಮಾಡುವುದು? ಜನ ನಿಂತ ಕೂಡಲೇ ಹೇಳ್ತೇನೆ, ಯಾರಿಗೆ ಹೊಟ್ಟೆ ಎಲ್ಲಿ ಅಡಗಿ ಕೂತಿದೆ ಅಂತ."

ಅವಳು ನಕ್ಕಳು. ಆದರೆ ಆ ಮಾತು ಅವಳ ತಲೆಯಲ್ಲಿ ಉಳಿಯಿತು ಎಂದು ಕಾಣುತ್ತದೆ. ಕೊನೆಯ ವರ್ಷದಲ್ಲಿ ಪ್ರಾಜೆಕ್ಟ್ ಮಾಡಬೇಕಾಗಿ ಬಂದಾಗ ತರಗತಿಯ ಉಳಿದವರು ಇಂಟರ್‌ನೆಟ್ಟಿನಿಂದ ಯಾವ್ಯಾವುದೋ ದೇಶದ ಮಾರಾಟದ ಅಂಕಿಗಳನ್ನು ಇಳಿಸಿಕೊಂಡರು. ಇವಳು ನನ್ನ ಅಳತೆ ಪುಸ್ತಕಗಳನ್ನು ಕೇಳಿದಳು. ಅಂಗಡಿ ಹಾಕಿದ ದಿನದಿಂದ ಒಂದನ್ನೂ ನಾನು ಬಿಸಾಡಿದ್ದಿಲ್ಲ. ತಾರೀಕು, ಎದೆ, ಸೊಂಟ, ತೋಳು, ಉದ್ದ, ಎಲ್ಲ ಉಂಟು. ಒಂದೇ ಮಗು ಜೂನಿನಲ್ಲಿ ಯೂನಿಫಾರ್ಮಿಗೆ ಒಮ್ಮೆ, ಡಿಸೆಂಬರಿನಲ್ಲಿ ಕ್ರಿಸ್‌ಮಸ್ ಹಬ್ಬದ ಬಟ್ಟೆಗೆ ಇನ್ನೊಮ್ಮೆ ಬರುತ್ತದೆ. ನಮ್ಮೂರಿನ ಮಕ್ಕಳು ಹೇಗೆ ಬೆಳೆಯುತ್ತಾರೆ ಎಂಬುದನ್ನು ಆ ಪುಸ್ತಕಗಳಿಂದ ತೆಗೆದು ತೋರಿಸುವುದು ಅವಳ ಯೋಚನೆ. ಮೂರು ತಿಂಗಳು ಬಸ್ಸಿನಿಂದ ಇಳಿದವಳೇ ಅಂಗಡಿಗೆ ಬಂದು ಕಟಿಂಗ್ ಮೇಜಿನ ಮೂಲೆಯಲ್ಲಿ ಲ್ಯಾಪ್‌ಟಾಪ್ ಇಟ್ಟು ಕುಳಿತಳು. ನಾನು ಓದಿ ಹೇಳುವುದು, ಅವಳು ಕುಟ್ಟುವುದು. ಸಾವಿರಕ್ಕಿಂತ ಹೆಚ್ಚು ಸಾಲುಗಳಾದವು. ಹೆಸರು ಬೇಡ ಎಂದು ನಂಬರು ಕೊಟ್ಟಳು. ಅದೇನೂ ದೊಡ್ಡ ಕೆಲಸವಾಗಲಿಲ್ಲ. ಅರ್ಧ ಪುಟಗಳಲ್ಲಿ ಮೊದಲೇ ಹೆಸರಿರಲಿಲ್ಲ. "ನೀಲಿ ಸ್ಕೂಟರಿನವರ ಮಗ", "ಬೇಕರಿಯ ಎರಡನೆಯದು" ಎಂದು ಬರೆದಿಟ್ಟಿದ್ದೆ.

ಒಂದು ಗುರುವಾರ ಅವಳು ಮುಖ ಸಣ್ಣದು ಮಾಡಿಕೊಂಡು ಬಂದಳು.

"ಮೇಡಂ ಹೇಳಿದರು, ಈ ಡೇಟಾ ಸರಿ ಇಲ್ಲವಂತೆ."

"ಯಾವುದು? ನನ್ನದಾ?"

"ಮಕ್ಕಳು ಕುಗ್ಗುತ್ತಿದ್ದಾರೆ ಪಪ್ಪ. ಜೂನಿನಲ್ಲಿ ಸೊಂಟ ಇಪ್ಪತ್ತಾರು, ಡಿಸೆಂಬರಿನಲ್ಲಿ ಇಪ್ಪತ್ತೈದು. ತೋಳೂ ಗಿಡ್ಡ ಆಗಿದೆ. ಒಬ್ಬಿಬ್ಬರಲ್ಲ, ಹೆಚ್ಚಿನವರೆಲ್ಲ. ಸೋಮವಾರದ ಒಳಗೆ ಕಾರಣ ಹೇಳಬೇಕಂತೆ. ಇಲ್ಲದಿದ್ದರೆ ಇದನ್ನು ಬಿಟ್ಟು ಹೊಸದು ಹಿಡಿಯಬೇಕಂತೆ. ಹೊಸದಕ್ಕೆ ಸಮಯ ಎಲ್ಲುಂಟು?"

ನನಗೆ ಬೆಂಕಿ ಹತ್ತಿತು. ನನ್ನ ಅಳತೆ ತಪ್ಪೆಂದು ಮಾಸ್ಟ್ರು ಸಹ ಹೇಳಿದವರಲ್ಲ. "ನೀನೇ ಕುಟ್ಟುವಾಗ ತಪ್ಪಿರಬೇಕು" ಎಂದೆ. ಪಾಪ, ಅವಳು ವಾದಿಸಲಿಲ್ಲ. ಶುಕ್ರವಾರ ಇಡೀ ದಿನ ಇಬ್ಬರೂ ಕುಳಿತು ಪುಸ್ತಕಕ್ಕೂ ಪರದೆಗೂ ತಾಳೆ ನೋಡಿದೆವು. ಅವಳದು ಎಲ್ಲೂ ತಪ್ಪಿರಲಿಲ್ಲ. ನನ್ನ ಸಿಟ್ಟನ್ನು ಎಲ್ಲಿ ಇಡುವುದೆಂದು ಗೊತ್ತಾಗಲಿಲ್ಲ.

ಶನಿವಾರ ಬೆಳಿಗ್ಗೆ ಒಬ್ಬ ಹೆಂಗಸು ಯೂನಿಫಾರ್ಮು ಹೊಲಿಸಲು ಮಗುವನ್ನು ಕರೆದುಕೊಂಡು ಬಂದಳು. ನಾನು ಸೊಂಟಕ್ಕೆ ಟೇಪು ಸುತ್ತಿದೆ. ಬರೆಯಲು ಮಗಳು ಪುಸ್ತಕ ಹಿಡಿದು ಪಕ್ಕದಲ್ಲೇ ನಿಂತಿದ್ದಳು.

"ಸ್ವಲ್ಪ ದೊಡ್ಡದೇ ಇರಲಿ ಮಾರ್ರೆ" ಎಂದಳು ಆ ತಾಯಿ. "ಬರುವ ವರ್ಷಕ್ಕೂ ಆಗಲಿ."

"ಇಪ್ಪತ್ತಾರು" ಎಂದು ನಾನು ಕೂಗಿದೆ.

ಪೆನ್ನು ಓಡಲಿಲ್ಲ. "ಪಪ್ಪ, ಟೇಪಿನಲ್ಲಿ ಇಪ್ಪತ್ತನಾಲ್ಕು ಉಂಟು."

"ಹೌದು."

"ನೀವು ಇಪ್ಪತ್ತಾರು ಹೇಳಿದಿರಿ."

"ಹೌದಲ್ಲ! ಬರೆ."

"ಯಾಕೆ ಇಪ್ಪತ್ತಾರು?"

"ಇಪ್ಪತ್ತನಾಲ್ಕಕ್ಕೆ ಹೊಲಿದರೆ ದೀಪಾವಳಿಗೆ ಚಡ್ಡಿ ಹರಿಯುತ್ತದೆ ಮಾರಾಯ್ತಿ, ಅದಕ್ಕೆ."

ಮಗಳು ಪುಸ್ತಕ ಮುಚ್ಚಿ ಹಣೆಯನ್ನು ಕಟಿಂಗ್ ಮೇಜಿಗೆ ಒರಗಿಸಿದಳು. ಅಳುತ್ತಿದ್ದಾಳೆ ಎಂದುಕೊಂಡೆ. ನೋಡಿದರೆ ನಗುತ್ತಿದ್ದಳು.

ನಮ್ಮ ಮಾಸ್ಟ್ರು ಕಲಿಸಿದ್ದೇ ಹಾಗೆ. "ಪುಸ್ತಕದಲ್ಲಿ ಕತ್ತರಿಗೆ ಬೇಕಾದದ್ದು ಬರೆ. ಮೈಯ ಅಳತೆ ಡಾಕ್ಟರು ಬರೆದುಕೊಳ್ಳಲಿ" ಎನ್ನುತ್ತಿದ್ದರು. ಟೇಪು ಹಿಡಿದ ಹೊತ್ತಿನಲ್ಲೇ ಮನಸ್ಸಿನಲ್ಲಿ ಕೂಡಿಸಿ, ಕೂಡಿಸಿದ್ದನ್ನು ಮಾತ್ರ ಬರೆಯುವುದು. ಜೂನಿನ ಯೂನಿಫಾರ್ಮಿಗೆ ಎರಡಿಂಚು. ಹಬ್ಬದ ಬಟ್ಟೆಗೆ ಏನೂ ಇಲ್ಲ. ಅದು ಫೋಟೋದಲ್ಲಿ ಮೈಗೆ ಸರಿಯಾಗಿ ಕೂರಬೇಕು. ಮದುಮಗನಿಗೆ ಒಂದಿಂಚು, ಯಾಕೆಂದರೆ ಮದುವೆಯ ನಂತರ ನಾಲ್ಕು ತಿಂಗಳು ಅವನು ಕರೆದವರ ಮನೆಯಲ್ಲೆಲ್ಲ ಉಣ್ಣುತ್ತಾನೆ. ನನಗೆ ಇದು ಕೂಡಿಸುವುದು ಎಂದೇ ಅನ್ನಿಸುತ್ತಿರಲಿಲ್ಲ. ಟೇಪು ಓದುವುದು ಎಂದರೆ ನನ್ನ ಮಟ್ಟಿಗೆ ಇದೇ ಆಗಿತ್ತು.

ಸೋಮವಾರ ಅಂಗಡಿಗೆ ಬೀಗ ಹಾಕಿ, ಎರಡು ಪುಸ್ತಕ ಮತ್ತು ಟೇಪನ್ನು ಚೀಲಕ್ಕೆ ಹಾಕಿಕೊಂಡು ಮಗಳ ಜೊತೆ ನಾನೂ ಬಸ್ಸು ಹತ್ತಿದೆ. ಬರಬೇಡಿ ಎಂದು ಅವಳು ಎರಡು ಸಲ ಹೇಳಿದ್ದಳು. ಮೂಡುಬಿದಿರೆಯಲ್ಲಿ ಬಸ್ಸು ಬದಲಿಸುವಾಗ ಮೂರನೆಯ ಸಲ ಹೇಳಿದಳು.

ಮೇಡಂ ಚಿಕ್ಕ ಪ್ರಾಯದವರು. ನನಗೆ ಕುರ್ಚಿ ಕೊಟ್ಟು, ಹೇಳಿದ್ದನ್ನೆಲ್ಲ ಕೊನೆಯ ತನಕ ಕೇಳಿದರು. ಆಮೇಲೆ ಒಂದೇ ಪ್ರಶ್ನೆ ಕೇಳಿದರು. "ನೀವು ಕೂಡಿಸುವುದಕ್ಕೆ ಒಂದು ಕ್ರಮ ಉಂಟಾ, ಅಥವಾ ಆ ಹೊತ್ತಿಗೆ ತೋಚಿದ್ದಾ?"

"ಕ್ರಮ ಉಂಟು."

"ಹಾಗಾದರೆ ಪರೀಕ್ಷೆ ಮಾಡಿ ನೋಡುವ."

ಮಗಳ ತರಗತಿಯ ಹತ್ತು ಮಂದಿ ಹುಡುಗರು ಸಾಲಾಗಿ ನಿಂತರು. ಇನ್ನೊಬ್ಬ ಟೇಪು ಹಿಡಿದು ಸೊಂಟ ಅಳೆದ. ನಾನು ಮುಖ, ನಿಲುವು ನೋಡಿ ಎಷ್ಟು ಕೂಡಿಸುವುದೆಂದು ಹೇಳಿದೆ. ಮಗಳು ಬರೆದುಕೊಂಡಳು. ಎಲ್ಲರೂ ಊಟ ಮಾಡಿ ಬಂದ ಮೇಲೆ ಅದೇ ಹತ್ತು ಮಂದಿ ಹಿಂದೆಮುಂದಾಗಿ ಮತ್ತೆ ನಿಂತರು. ಏಳನೆಯ ತರಗತಿಯ ನಂತರ ನಾನು ಬರೆದ ಮೊದಲ ಪರೀಕ್ಷೆ ಅದು. ನಾನು ತಪ್ಪಿದರೆ ಅವಳ ಮೂರು ತಿಂಗಳು ನೀರಿಗೆ ಹೋಗುತ್ತಿತ್ತು.

ಒಂಬತ್ತು ಮಂದಿಗೆ ಬೆಳಿಗ್ಗೆ ಹೇಳಿದ್ದೇ ಬಂತು. ಒಬ್ಬನಿಗೆ ಮಾತ್ರ ಅರ್ಧ ಇಂಚು ಹೆಚ್ಚಾಯಿತು.

"ಇದು ಯಾಕೆ?" ಎಂದರು ಮೇಡಂ.

"ಬೆಳಿಗ್ಗೆ ಇವನು ಮನೆಯಿಂದ ಬರುವವ ಅಂತ ಎಣಿಸಿದ್ದೆ. ಹಾಸ್ಟೆಲಿನವ ಅಂತ ಊಟದ ಹೊತ್ತಿಗೆ ಗೊತ್ತಾಯಿತು. ಬರುವ ತಿಂಗಳು ರಜೆ. ಊರಿಗೆ ಹೋದರೆ ಇವನ ಅಮ್ಮ ಬಿಡ್ತಾರಾ?"

ತರಗತಿ ಇಡೀ ಬೆಂಚು ಬಡಿಯಿತು. "ಅಂಕಲ್, ನನ್ನ ಅಮ್ಮನನ್ನು ನಿಮಗೆ ಗೊತ್ತುಂಟಾ?" ಎಂದು ಆ ಹುಡುಗ ಕೇಳಿದ. ಮೇಡಂ ನಗುತ್ತಲೇ ಮಗಳ ಕಡೆ ತಿರುಗಿದರು. "ನಿನ್ನ ವಿಷಯ ಬದಲಿಸು. ಮಕ್ಕಳು ಹೇಗೆ ಬೆಳೆಯುತ್ತಾರೆ ಅನ್ನುವುದು ಬೇಡ. ಒಬ್ಬ ಟೈಲರ್ ಯಾರಿಗೆ ಎಷ್ಟು ಕೂಡಿಸುತ್ತಾನೆ, ಯಾಕೆ ಕೂಡಿಸುತ್ತಾನೆ, ಅದನ್ನು ತೆಗಿ."

ಆ ಮೇಲಿನ ಎರಡು ವಾರ ಮನೆಯ ಜಗಲಿಯೇ ಕಾಲೇಜಾಯಿತು. ಮಗಳು ಒಂದೊಂದು ಪುಟ ತೆಗೆದು "ಇವರಿಗೆ ಎಷ್ಟು?" ಎನ್ನುವುದು, ನಾನು ಕಣ್ಣು ಮುಚ್ಚಿ ನೆನಪು ಮಾಡಿ ಹೇಳುವುದು. ಲಾಯಿಲದವಳಾದ ನನ್ನ ಹೆಂಡತಿ ಅಕ್ಕಿ ಆರಿಸುತ್ತ ಕೇಳುತ್ತಿದ್ದಳು. ಮದುಮಗನ ಒಂದಿಂಚಿನ ಮಾತು ಬಂದಾಗ ಅವಳಿಗೆ ತಡೆಯಲಾಗಲಿಲ್ಲ.

"ಊರಿಗೆಲ್ಲ ಕೂಡಿಸಿದಿರಿ, ನಿಮಗೆ ಕೂಡಿಸಲಿಲ್ಲ. ನನ್ನ ತವರಿನಲ್ಲಿ ಎರಡನೆಯ ಸಲ ಊಟಕ್ಕೆ ಕೂತಾಗಲೇ ಪ್ಯಾಂಟಿನ ಹುಕ್ಕು ಹಾರಿ ಪಾಯಸಕ್ಕೆ ಬಿತ್ತು."

"ಪಾಯಸಕ್ಕಲ್ಲ, ಸಾರಿಗೆ" ಎಂದೆ. ಮಗಳು ಅದನ್ನೂ ಬರೆದುಕೊಂಡಳೋ ಏನೋ.

ತೊಂದರೆ ಬಂದದ್ದು ಹಳೆಯ ಪುಟಗಳಲ್ಲಿ. ಕೆಲವರ ಮುಖ ಎಷ್ಟು ಎಳೆದರೂ ನೆನಪಿಗೆ ಬರಲಿಲ್ಲ. ಅವಳ ಸಾಲುಗಳು ಕಡಿಮೆಯಾಗುತ್ತವಲ್ಲ ಎಂದು ನನಗೆ ಹೆದರಿಕೆ. ಒಂದು ಪುಟಕ್ಕೆ "ಒಂದಿಂಚು" ಎಂದುಬಿಟ್ಟೆ. ಮುಂದಿನದಕ್ಕೂ "ಒಂದಿಂಚು". ಅವಳು ಬರೆಯಲಿಲ್ಲ.

"ನಿಜವಾಗಿ ನೆನಪುಂಟಾ ಪಪ್ಪ?"

"ಸುಮಾರಿಗೆ ಅಷ್ಟೇ ಇರುತ್ತದೆ. ಯಾರು ಬಂದು ನೋಡ್ತಾರೆ?"

"ನಾನು ನೋಡ್ತೇನಲ್ಲ" ಎಂದಳು, ಮೆಲ್ಲಗೆ. "ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂತ ಹೇಳಿ. ಆ ಸಾಲು ತೆಗೆಯುವ."

ನೆನಪಿಲ್ಲ ಎಂದು ಹೇಳುವುದು ನನಗೆ ಸುಲಭದ ಕೆಲಸವಲ್ಲ. ಗಿರಾಕಿಗಳ ಎದುರು ಒಮ್ಮೆಯೂ ಹೇಳಿದ್ದಿಲ್ಲ. ಆ ದಿನಗಳಲ್ಲಿ ಮಗಳ ಎದುರು ಮುನ್ನೂರು ಚಿಲ್ಲರೆ ಸಲ ಹೇಳಿದೆ. ಪ್ರತಿ ಸಲವೂ ಅವಳು ತಲೆಯಾಡಿಸಿ ಒಂದು ಸಾಲು ಅಳಿಸಿದಳು. ಸಣ್ಣ ಪಟ್ಟಿಯನ್ನೇ ಹಿಡಿದುಕೊಂಡು ಹೋದಳು.

ಅದೇ ಪಾಸಾಯಿತು. ಹೊರಗಿನಿಂದ ಬಂದ ಪರೀಕ್ಷಕರು ಇಷ್ಟೊಂದು ಸಾಲು ಯಾಕೆ ತೆಗೆದೆ ಎಂದು ಕೇಳಿದರಂತೆ. ಕೂಡಿಸಿದ್ದೆಷ್ಟೆಂದು ಕೂಡಿಸಿದವರಿಗೇ ನೆನಪಿಲ್ಲ ಎಂದಳಂತೆ. ತರಗತಿಯಲ್ಲಿ ಮೊದಲನೆಯ ಸ್ಥಾನ ಬೇರೆ ಯಾರಿಗೋ ಹೋಯಿತು, ಇವಳದು ಮೂರನೆಯದು. ನನಗೆ ಸಾಕು. ಅವಳಿಗೆ ಸಾಕಾಗಲಿಲ್ಲ, ಅದೂ ಒಳ್ಳೆಯದೇ.

ಫಲಿತಾಂಶದ ದಿನ ಮೇಡಂ ನನಗೆ ಫೋನು ಮಾಡಿ ಒಂದು ಮಾತು ಹೇಳಿದರು. "ನಿಮ್ಮ ಪುಸ್ತಕ ನಿಮಗೆ ಮಾತ್ರ ಓದಲಿಕ್ಕೆ ಆಗುವುದು. ಇನ್ನೊಬ್ಬರಿಗೂ ಆಗುವ ಹಾಗೆ ಬರೆಯಿರಿ." ಸ್ವಲ್ಪ ಚುಚ್ಚಿತು. ಒಂದು ವಾರ ಅದನ್ನು ಯಾರಿಗೂ ಹೇಳಲಿಲ್ಲ. ಎಂಟನೆಯ ದಿನ ಹೊಸ ಪುಸ್ತಕ ತಂದು ಪುಟದ ನಡುವೆ ಗೆರೆ ಎಳೆದೆ. ಎಡಕ್ಕೆ ಮೈಯದು, ಬಲಕ್ಕೆ ಕತ್ತರಿಯದು. ಮಾಸ್ಟ್ರು ಇದ್ದಿದ್ದರೆ ಕಾಗದ ಹಾಳು ಎಂದು ಬೈಯುತ್ತಿದ್ದರು.

ಈಗ ನನ್ನಲ್ಲಿರುವುದು ಇಷ್ಟು: ಅಂಗಡಿ ಒಂದು. ಹೊಲಿಗೆ ಯಂತ್ರ ಎರಡು, ಅಂಚು ಹೊಲಿಯುವ ಓವರ್‌ಲಾಕ್ ಒಂದು. ಗೆರೆ ಇಲ್ಲದ ಅಳತೆ ಪುಸ್ತಕ ಇಪ್ಪತ್ತಾರು, ಗೆರೆ ಎಳೆದದ್ದು ಒಂದು. ಬಿ.ಕಾಂ. ಮುಗಿಸಿದ ಮಗಳು ಒಬ್ಬಳು. ಅವಳ ತರಗತಿಯ ಹುಡುಗರದ್ದು, ಹೊಲಿಯಲು ಬಾಕಿ ಇರುವ ಪ್ಯಾಂಟು ಹದಿನಾಲ್ಕು.