ಬಾಗಿಲಿಲ್ಲದೆ ನಿಂತ ಲಾರಿ

ಲಾರಿಯ ಬಾಗಿಲನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ನಿಂತ ಅನುಭವ ನಿಮಗಿದೆಯೇ? ಕಳೆದ ಶನಿವಾರದವರೆಗೆ ನನಗೂ ಇರಲಿಲ್ಲ. ಭುಜ ಇನ್ನೂ ನೋಯುತ್ತಿದೆ. ಆದರೆ ನಾನು ಬರೆಯಹೊರಟದ್ದು ಭುಜದ ಬಗ್ಗೆ ಅಲ್ಲ.

ಜರ್ಮನಿಯ ಎರ್ಲಾಂಗೆನ್‌ನಲ್ಲಿ ನಾವಿರುವ ಬಾಡಿಗೆ ಮನೆಯ ಹಿಂದೊಂದು ದೊಡ್ಡ ಶೆಡ್ಡು. ಅದರೊಳಗೆ ನಮ್ಮ ಮನೆ ಮಾಲೀಕರಾದ ಬ್ರಾಂಡ್ಲ್ ಅವರ ಹಳೇ ಲಾರಿ. ಅವರು ಒಂದು ಕಾಲಕ್ಕೆ ಬಿಯರ್ ಕಾರ್ಖಾನೆಯ ಡ್ರೈವರ್. ತಾವು ಓಡಿಸುತ್ತಿದ್ದ ದುಂಡು ಮೂತಿಯ ಲಾರಿ ಗುಜರಿಗೆ ಹೊರಟಾಗ ಮನಸ್ಸು ತಡೆಯದೆ ತಾವೇ ಕೊಂಡು ತಂದರು. ಹೋದ ಅಕ್ಟೋಬರಿನಲ್ಲಿ ತುಕ್ಕು ತೆಗೆಯಲೆಂದು ಬಾಗಿಲು, ಮಡ್‌ಗಾರ್ಡ್, ಬಾನೆಟ್ ಎಲ್ಲ ಕಳಚಿ ಗೋಡೆಗೆ ಒರಗಿಸಿದರು. ಚಳಿಗಾಲವಿಡೀ ಲಾರಿಯ ಕ್ಯಾಬಿನ್ ಬಾಗಿಲಿಲ್ಲದೆ ನಿಂತಿತ್ತು. (ಅಡುಗೆಮನೆಯ ಕಿಟಕಿಯಿಂದ ನನಗೆ ದಿನಾ ಅದರದೇ ದರ್ಶನ.)

ಈಚೆಗೆ ಅವರಿಗೆ ಕೈಜೋಡಿಸುತ್ತಿರುವವನು ಪ್ರಸನ್ನ. ಮೈಸೂರಿನವನು, ನನ್ನ ಗಂಡನ ಸಹೋದ್ಯೋಗಿಯಾಗಿದ್ದವನು. 'ಆಗಿದ್ದವನು' ಎಂದೆ, ಏಕೆಂದರೆ ಚಳಿಗಾಲದಲ್ಲಿ ಅವನ ಪ್ರಾಜೆಕ್ಟ್ ನಿಂತಿತು, ಕೆಲಸವೂ ಹೋಯಿತು. ಗ್ರೀನ್ ಕಾರ್ಡ್, ಗ್ರೀನ್ ಕಾರ್ಡ್ ಎಂದು ಊರೆಲ್ಲ ಹೇಳಿಕೊಂಡು ಬಂದೆವಲ್ಲ, ಅದು ಇಲ್ಲಿ ಕೆಲಸಕ್ಕೆ ಕಟ್ಟಿದ ಕಾರ್ಡು, ಕೆಲಸ ಹೋದರೆ ಅದೂ ಹೋದಂತೆ. ವಿದೇಶಿಯರ ವ್ಯವಹಾರ ನೋಡುವ ಔಸ್‌ಲೆಂಡರ್‌ಆಮ್ಟ್ ಕಚೇರಿ ಕೊಟ್ಟ ಗಡುವು ಮುಗಿಯುತ್ತ ಬಂದಿದೆ. ಬೇರೆ ಕೆಲಸ ಸಿಗಲಿಲ್ಲ. ಮುಂದಿನ ತಿಂಗಳು ಅವನು ಮೈಸೂರಿಗೆ ವಾಪಸ್.

ಅದರಲ್ಲಿ ದುಃಖಪಡುವಂಥದ್ದೇನು, ಹೆಂಡತಿ ಮಗಳು ಅಲ್ಲೇ ಇದ್ದಾರಲ್ಲ ಎಂದುಕೊಂಡಿದ್ದೆ. ಅವನ ಹೆಂಡತಿ ವೀಣಾ ಹೈಸ್ಕೂಲ್ ಟೀಚರ್. ನಮ್ಮಂಥ ಹೆಂಡತಿಯರಿಗೆ ಇಲ್ಲಿ ಬಂದೊಡನೆ ದುಡಿಯಲು ಅನುಮತಿ ಸಿಗುವುದಿಲ್ಲ. (ನನ್ನನ್ನೇ ನೋಡಿ, ಲಾರಿ ನೋಡುತ್ತ ಅಂಕಣ ಬರೆಯುತ್ತಿದ್ದೇನೆ.) ಹಾಗಾಗಿ ಅವಳು ಕೆಲಸ ಬಿಡದೆ ಮಗಳೊಂದಿಗೆ ಅಲ್ಲೇ ಉಳಿದಳು. ಮೂರು ವರ್ಷ ಅವನಿಲ್ಲಿ, ಅವರಲ್ಲಿ.

ಶನಿವಾರ ಶೆಡ್ಡಿಗೆ ಕಾಫಿ ಕೊಂಡುಹೋದಾಗ ಪ್ರಸನ್ನ ಬಾಯಿಬಿಟ್ಟ. "ಅಕ್ಕಾ, ಪೂರ್ತಿ ವಾಪಸ್ ಬರ್ತಿದ್ದೀನಿ ಅಂತ ವೀಣಂಗೆ ಹೇಳ್ದೆ. ಆ ಕಡೆಯಿಂದ ಮಾತೇ ಇಲ್ಲ. ಲೈನ್ ಕಟ್ಟಾಯ್ತೇನೋ ಅಂದ್ಕೊಂಡು ಹಲೋ ಹಲೋ ಅಂದೆ. 'ಇದ್ದೀನಿ, ಹೇಳಿ' ಅಂದ್ಲು. ಅಷ್ಟೇ." ಕಪ್ಪನ್ನು ಕೆಳಗಿಟ್ಟ. "ನಾನು ಆ ಮನೇಗೆ ಬೇಡವಾಗ್ಬಿಟ್ಟಿದ್ದೀನಾ ಅಂತ ಭಯ ಆಗುತ್ತೆ."

"ಏ ಬಿಡು ಗುರು, ಹೋದ್ಮೇಲೆ ಎಲ್ಲಾ ಸರಿಹೋಗುತ್ತೆ. ಸ್ವಲ್ಪ ಅಡ್ಜಸ್ಟ್ ಮಾಡ್ಕೋಬೇಕು ಅಷ್ಟೆ" ಎಂದರು ನನ್ನ ಗಂಡ.

ನಮ್ಮವರ ಸರ್ವರೋಗಕ್ಕೂ ಇದೊಂದೇ ಮದ್ದು. ಬಸ್ಸಿನ ಸೀಟಿನಲ್ಲಿ ಅಡ್ಜಸ್ಟ್, ಅತ್ತೆ ಮನೆಯಲ್ಲಿ ಅಡ್ಜಸ್ಟ್, ಆಫೀಸಿನಲ್ಲಿ ಅಡ್ಜಸ್ಟ್. ಮಾಡಬೇಕಾದವರು ಯಾರು ಎಂದು ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ.

ಕಾಫಿ ಮುಗಿಸಿ ಬಾಗಿಲು ಕೂರಿಸಲು ಹೊರಟರು. ಜನ ಸಾಲದೆಂದು ನನ್ನನ್ನೂ ಸೇರಿಸಿಕೊಂಡರು. ಮೊದಲು ಬಾಗಿಲು, ಆಮೇಲೆ ಅದಕ್ಕೆ ಹೊಂದಿಸಿಕೊಂಡು ಮಡ್‌ಗಾರ್ಡ್. ಇದು ಬ್ರಾಂಡ್ಲ್ ಅವರ ಕ್ರಮ. ನಾನೂ ನನ್ನ ಗಂಡನೂ ಎತ್ತಿ ಹಿಡಿದೆವು, ಪ್ರಸನ್ನ ಕೀಲುಗಳಿಗೆ ಬೋಲ್ಟ್ ಹಾಕಿದ. ಅದೇ ಬಾಗಿಲು, ಅದೇ ಕೀಲು, ಅದೇ ಬೋಲ್ಟು. ಮುಚ್ಚಲು ಹೋದರೆ ಕೆಳಗಿನ ಮೂಲೆ ಚೌಕಟ್ಟಿಗೆ ಬಡಿದು ನಿಂತುಬಿಟ್ಟಿತು. ಇನ್ನೊಮ್ಮೆ ಪ್ರಯತ್ನಿಸಿದರೂ ಅದೇ ಕಥೆ.

ಪ್ರಸನ್ನನ ಮುಖ ಸಣ್ಣದಾಯಿತು. "ಮೂಲೇನ ಒಂಚೂರು ಉಜ್ಜಿದ್ರೆ ಕೂತ್ಕೊಳುತ್ತೆ" ಎಂದು ಅರ ಕೈಗೆತ್ತಿಕೊಂಡ. ಬ್ರಾಂಡ್ಲ್ ಅವನ ಕೈ ಹಿಡಿದರು. ಟೇಪ್ ತಂದು ಬಾಗಿಲನ್ನು ಅಳೆದರು. ಆಮೇಲೆ ಬಾಗಿಲು ಕೂರುವ ಜಾಗವನ್ನು ಮೂಲೆಯಿಂದ ಮೂಲೆಗೆ ಅಳೆದರು.

"ಬಾಗಿಲಿನದೇನೂ ತಪ್ಪಿಲ್ಲ. ಬಾಗಿಲಿಲ್ಲದೆ ಇಷ್ಟು ದಿನ ನಿಂತು ಕ್ಯಾಬಿನ್ ಸ್ವಲ್ಪ ಜಗ್ಗಿದೆ. ಕಳಚುವ ಮೊದಲು ನಾನು ಚೌಕಟ್ಟು ಜಗ್ಗದಂತೆ ಅಡ್ಡಪಟ್ಟಿ ಕೊಡಬೇಕಿತ್ತು. ಕೊಡಲಿಲ್ಲ. ಭಾರವೆಲ್ಲ ಅದೊಂದೇ ಹೊರಬೇಕಲ್ಲ, ತನಗೆ ಆದಂತೆ ನಿಂತುಕೊಂಡಿದೆ. ಅದನ್ನೂ ಬೈಯುವಂತಿಲ್ಲ" ಎಂದರು.

ಬಾಗಿಲನ್ನು ಮತ್ತೆ ಇಳಿಸಿದೆವು. ಕ್ಯಾಬಿನ್ನನ್ನು ಕೆಳಗಿನ ಚಾಸಿಗೆ ಬಿಗಿದಿದ್ದ ಬೋಲ್ಟುಗಳನ್ನು ಅವರು ಸಡಿಲಿಸಿದರು. ಮೂಲೆಯಡಿ ಮರದ ತುಂಡಿಟ್ಟು, ಜಾಕ್ ಕೊಟ್ಟು, ಒಂದೊಂದೇ ತೆಳು ತಗಡು ಸೇರಿಸಿ ನೋಡುತ್ತ ಹೋದರು. ಬಾಗಿಲಿನ ಕೀಲುಗಳನ್ನೂ ಅಷ್ಟಿಷ್ಟು ಸರಿಸಿದರು. ಸಂಜೆಯಾದರೂ ಮುಗಿಯಲಿಲ್ಲ. ಉಳಿದದ್ದು ಸೋಮವಾರ ಎಂದರು. (ಭಾನುವಾರ ಇಲ್ಲಿ ಸುತ್ತಿಗೆ ಸದ್ದು ಕೇಳಿಸಿದರೆ ನೆರೆಯವರು ಸುಮ್ಮನಿರುವುದಿಲ್ಲ.)

ರಾತ್ರಿ ಊಟಕ್ಕೆ ಕೂತಾಗಲೂ ನನ್ನ ತಲೆಯಲ್ಲಿ ವೀಣಾಳೇ ಇದ್ದಳು. ನಾವೆಲ್ಲ ಪ್ರಸನ್ನನ ಬೆನ್ನು ತಟ್ಟುತ್ತಿದ್ದೇವೆ. ಅವಳನ್ನು ಯಾರು ಕೇಳಿದರು? ಭಾನುವಾರ ಬೆಳಿಗ್ಗೆ ಫೋನ್ ಮಾಡಿದೆ. ಹೋದ ವರ್ಷ ರಜೆಯಲ್ಲಿ ಅವಳ ಮನೆಯಲ್ಲಿ ಉಂಡು ಬಂದ ಸಲುಗೆ ಇತ್ತು. ನೇರವಾಗಿಯೇ ಕೇಳಿದೆ, ಅವನು ಬರೋದು ನಿಂಗೆ ಇಷ್ಟ ಇಲ್ವಾ ಅಂತ.

"ಇಷ್ಟ ಇಲ್ದೆ ಏನಕ್ಕಾ! ಫೋನ್ ಇಟ್ಮೇಲೆ ಖುಷೀಲಿ ಅತ್ತಿದ್ದೀನಿ. ಆದ್ರೆ ಅವ್ರು ಏನಂದ್ರು ಗೊತ್ತಾ? 'ಇನ್ಮೇಲೆ ನೀನೇನೂ ತಲೆ ಕೆಡಿಸ್ಕೋಬೇಡ, ಎಲ್ಲಾ ನಾನು ನೋಡ್ಕೋತೀನಿ' ಅಂದ್ರು. ಮಗೂಗೆ ಟೈಫಾಯ್ಡ್ ಆದಾಗ, ಮನೆ ಬದಲಾಯಿಸ್ದಾಗ, ನೋಡ್ಕೊಂಡಿದ್ದು ಯಾರು? ಅವ್ರು ಬಂದ ದಿನಾನೇ ನಾನು ಪಕ್ಕಕ್ಕೆ ನಿಂತ್ಕೋಬೇಕಾ?"

ಅವನು ಪ್ರೀತಿಯಿಂದಲೇ ಆಡಿದ ಮಾತು ಅದು. ಇವಳಿಗೆ ಕೇಳಿಸಿದ್ದು ಬೇರೆ. ನೋಡಿದರೆ ಇಬ್ಬರಿಗೂ ಒಂದೇ ಭಯ, ನಾನಿನ್ನು ಬೇಡವೇನೋ ಎಂದು. "ಇದನ್ನ ಅವನಿಗೆ ಹೇಳ್ಲಾ?" ಎಂದೆ.

"ಬೇಡಕ್ಕಾ. ಅವ್ರೇ ಕೇಳ್ಲಿ."

ಸೋಮವಾರ ಸಂಜೆ ಬಾಗಿಲು ಕೂತಿತು. ಒಂದು ಮೂಲೆಯಲ್ಲಿ ಸಂದು ತುಸು ಹೆಚ್ಚೇ ಇದೆ, ಆದರೆ ಮುಚ್ಚುತ್ತದೆ, ತೆರೆಯುತ್ತದೆ. ಬ್ರಾಂಡ್ಲ್ ಅಷ್ಟಕ್ಕೇ ತೃಪ್ತರು. ಕೈತೊಳೆದು ಒಳಬಂದ ಪ್ರಸನ್ನನ ಮುಂದೆ ನಾನು ಫೋನೂ ಕಾಲಿಂಗ್ ಕಾರ್ಡೂ ಇಟ್ಟೆ.

"ವೀಣಂಗೆ ಮಾಡು. ಏನೂ ಹೇಳ್ಬೇಡ. ನಾನು ಬಂದ್ರೆ ನಿಂಗೇನು ಕಷ್ಟ ಆಗುತ್ತೆ ಅಂತ ಕೇಳು. ಕೇಳಿ ಸುಮ್ನಿರು."

ಅವನು ನನ್ನನ್ನೇ ನೋಡಿದ. ನಂಬರ್ ಒತ್ತಿದ. ಕೇಳಿದ. ಆ ಕಡೆ ಮತ್ತೆ ಮೌನ. ಅವನ ಬಾಯಿ ತೆರೆಯಿತು, ನಾನು ಬೆರಳೆತ್ತಿ ಗದರಿಸಿದೆ. ಆಮೇಲೆ ಆ ಕಡೆಯ ದನಿ ಶುರುವಾಯಿತು. ನಾನು ಅಡುಗೆಮನೆಗೆ ಹೋದೆ. ಅಲ್ಲಿಗೂ ಅವನ "ಹೂಂ... ಹೂಂ..." ಮಾತ್ರ ಕೇಳಿಸುತ್ತಿತ್ತು. ಒಮ್ಮೆ ಇಣುಕಿದಾಗ ಅಂಗೈಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದ. (ಇಬ್ಬರ ಹೆಸರನ್ನೂ ಬದಲಿಸಿದ್ದೇನೆ. ಇಬ್ಬರನ್ನೂ ಕೇಳಿಯೇ ಬರೆದಿದ್ದೇನೆ.)

ವೀಣಾಳ ಮಾತಿನ ನಡುವೆಯೇ ಕಾರ್ಡಿನ ಹಣ ಮುಗಿದು ಲೈನ್ ಕಟ್ಟಾಯಿತು. ಅಂಗಡಿ ಮುಚ್ಚುವ ಮೊದಲು ಇನ್ನೊಂದು ಕಾರ್ಡ್ ತರಬೇಕೆಂದು ಪ್ರಸನ್ನ ಜಾಕೆಟ್ಟೂ ಹಾಕಿಕೊಳ್ಳದೆ ಸೈಕಲ್ ಹತ್ತಿ ಓಡಿದ.

ಮೂರು ವರ್ಷ ವಾರವಾರವೂ ಮನೆಗೆ ಫೋನ್ ಮಾಡಿದ್ದವನು, ಆ ಸಂಜೆ ಮೊದಲ ಸಲ ಕೇಳಿಸಿಕೊಂಡಿದ್ದ.