ನಂಬರ್ ತಾಳೆಯಾಯಿತು

ಸಿಂಧನೂರಿನಲ್ಲಿ ನೋಂದಣಿ ಕಚೇರಿ ಎದುರು ಮೇಜು ಹಾಕಿಕೊಂಡು ಬಾಂಡ್ ಪೇಪರ್, ಅರ್ಜಿ, ಕರಾರುಪತ್ರ ಬರೆಯುವುದು ನನ್ನ ಕಸುಬು. ಬರೆಯುವುದಕ್ಕಿಂತ ನೋಡುವ ಕೆಲಸವೇ ಹೆಚ್ಚು. ಯಾವ ಕಾಗದ ಕೈಗೆ ಬಂದರೂ ಜನ ಮೊದಲು ನನಗೆ ತೋರಿಸುತ್ತಾರೆ. ನಾನು ನಂಬರ್, ಸಿಕ್ಕಾ, ತಾರೀಖು ನೋಡುತ್ತೇನೆ. ಅನುಮಾನ ಬಂದರೆ ಒಳಗೆ ಹೋಗಿ ಆ ನಂಬರ್ ರಿಜಿಸ್ಟರಿನಲ್ಲಿ ಇದೆಯೇ ಎಂದು ತಾಳೆ ಮಾಡಿಸುತ್ತೇನೆ. ತಾಳೆಯಾದರೆ ಕಾಗದ ಖರೆ. ಇಷ್ಟು ವರ್ಷ ಈ ಪದ್ಧತಿ ಕೈಕೊಟ್ಟಿರಲಿಲ್ಲ, ಹಾಗಾಗಿ ನನಗೆ ಸ್ವಲ್ಪ ಸೊಕ್ಕೂ ಇತ್ತು.

ನನ್ನ ತಂಗಿಗೆ ಮಸ್ಕಿಯಲ್ಲಿ ಹೊಲಿಗೆ ಅಂಗಡಿ. ಸೀರೆ ಅಂಚಿಗೆ ಪೀಕೋ ಮಾಡಿಸಲು ಬಂದವರ ಸೀರೆಗಳನ್ನು ಅವಳು ಲಿಂಗಸುಗೂರಿಗೆ ಕಳಿಸಬೇಕಾಗುತ್ತಿತ್ತು. ಅದಕ್ಕೇ ತನ್ನದೇ ಒಂದು ಪೀಕೋ ಮಷೀನ್ ಇರಲಿ ಎಂದು ಎರಡು ವರ್ಷದಿಂದ ದುಡ್ಡು ಕೂಡಿಡುತ್ತಿದ್ದಳು. ಆಗಿನ್ನೂ ಮೊಬೈಲಿನ ದುಡ್ಡಿನಾಟಗಳಿಗೆ ಸರ್ಕಾರ ಬಾಗಿಲು ಹಾಕಿರಲಿಲ್ಲ. ಯಾವುದೋ ಆನ್‌ಲೈನ್ ಕ್ಯಾಸಿನೊದಲ್ಲಿ ಸಣ್ಣಪುಟ್ಟದ್ದು ಹಾಕಿ ಎರಡು ಸಲ ಗೆದ್ದಿದ್ದಳಂತೆ. ದೊಡ್ಡದಾಗಿ ಹಾಕಿದರೆ ಅಷ್ಟೇ ದುಡ್ಡು ನಾವೂ ಸೇರಿಸುತ್ತೇವೆ ಎಂದು ಕ್ಯಾಸಿನೊದವರು ಆಸೆ ಹಚ್ಚಿದ್ದರು. ಆದರೂ ಅವಳು ದುಡುಕಲಿಲ್ಲ. ಅವರ ಲೈಸೆನ್ಸಿನ ಫೋಟೊ ನನಗೆ ಕಳಿಸಿ ಫೋನ್ ಮಾಡಿದಳು.

"ಅಣ್ಣಾ, ಇದು ಖರೆ ಐತೇನು ನೋಡಿ ಹೇಳು. ನೀ ಹೂಂ ಅಂದ್ರ ಮಷೀನಿನ ರೊಕ್ಕ ಹಾಕ್ತೀನಿ, ಇಲ್ಲಂದ್ರ ಇಲ್ಲ."

ಜೂಜು ಬೇಡವ್ವಾ ಎಂದು ಅಲ್ಲಿಗೇ ಮುಗಿಸಬಹುದಿತ್ತು. ಆದರೆ ಅವಳು ಕೇಳಿದ್ದು ಕಾಗದದ ಬಗ್ಗೆ, ಮತ್ತು ಕಾಗದ ಎಂದರೆ ನನಗೆ ಕೈ ತುರಿಸುತ್ತದೆ. ಅದು ಯಾವುದೋ ದ್ವೀಪದ ಸರ್ಕಾರ ಕೊಟ್ಟ ಲೈಸೆನ್ಸು. ಆ ಸರ್ಕಾರದ ವೆಬ್‌ಸೈಟಿನಲ್ಲಿ ಲೈಸೆನ್ಸುಗಳ ಪಟ್ಟಿಯೇ ಇತ್ತು. ಹುಡುಕಿದೆ. ನಂಬರ್ ಸಿಕ್ಕಿತು, ಅವಧಿಯೂ ಮುಗಿದಿರಲಿಲ್ಲ. ಸಿಂಧನೂರಿನ ರಸ್ತೆ ಬದಿ ಕೂತು ಸಮುದ್ರದಾಚೆಯ ರಿಜಿಸ್ಟರ್ ತೆರೆಸಿದೆನಲ್ಲ ಎಂದು ಹಿಗ್ಗಿ, "ಕಾಗದ ಸರಿ ಐತಿ" ಎಂದು ಬರೆದು ಕಳಿಸಿದೆ.

ಮರುದಿನ ಬಳಗಾನೂರಿನ ಕಡೆಯಿಂದ ಒಬ್ಬ ಬಂದು ತನ್ನ ಅಣ್ಣನ ಹೆಸರಲ್ಲಿ ಕರಾರು ಬರೆಯಿರಿ ಎಂದ. ಅಣ್ಣ ಬಂದಿರಲಿಲ್ಲ, ಅವನ ಆಧಾರ್ ಕಾರ್ಡ್ ಮಾತ್ರ ತಂದಿದ್ದ. ಕಾರ್ಡೇನೋ ಖರೆ ಇರಬಹುದು, ಆದರೆ ಅದು ನಿಂದಲ್ಲವಲ್ಲಪ್ಪಾ ಎಂದು ಗದರಿಸುತ್ತಿದ್ದವನಿಗೆ ತಂಗಿ ಕಳಿಸಿದ್ದ ಲೈಸೆನ್ಸು ನೆನಪಾಯಿತು. ನನ್ನ ಕೆಲಸದಲ್ಲಿ ಕಾಗದ ಯಾರದೋ ಆ ಪಾರ್ಟಿ ಎದುರಿಗೇ ನಿಂತಿರುತ್ತಾನೆ. ಅದಕ್ಕೇ ನಂಬರ್ ನೋಡಿ ಬಿಟ್ಟಿದ್ದೆ, ಅದು ಯಾರ ನಂಬರ್ ಎಂದು ನೋಡಿರಲಿಲ್ಲ. ಮೊಬೈಲ್ ತೆಗೆದೆ. ಆ ನಂಬರಿನ ಮುಂದೆ ಬೇರೆಯೇ ಕಂಪನಿ, ಬೇರೆಯೇ ವೆಬ್‌ಸೈಟ್ ವಿಳಾಸ. ತಂಗಿ ಆಡುತ್ತಿದ್ದ ಕ್ಯಾಸಿನೊದ ಹೆಸರು ಪಟ್ಟಿಯಲ್ಲಿ ಎಲ್ಲೂ ಇರಲಿಲ್ಲ. ಯಾರದೋ ಲೈಸೆನ್ಸಿನ ನಂಬರ್ ಎತ್ತಿಕೊಂಡು ತಮ್ಮ ಹೆಸರು ಅಂಟಿಸಿದ್ದರು.

ತಂಗಿ ಫೋನ್ ಎತ್ತಲಿಲ್ಲ. ಮಷೀನ್ ತುಳಿಯುವಾಗ ಫೋನನ್ನು ಗಲ್ಲಾದೊಳಗೆ ಇಡುವುದು ಅವಳ ರೂಢಿ. ಮಸ್ಕಿ ಬಸ್ಸು ಹತ್ತಿದೆ. ಅವಳು ಇನ್ನೂ ಹಾಕಿರದಿದ್ದರೆ ಸಾಕು ಎನ್ನುವುದೊಂದೇ ಆಸೆ. ಬಸ್ಸು ಕೈ ತೋರಿಸಿದವರಿಗೆಲ್ಲ ನಿಲ್ಲುತ್ತಿತ್ತು, ನನಗೆ ಕಂಡಕ್ಟರನ ಮೇಲೆ, ಹತ್ತಿದವರ ಮೇಲೆ, ಕೊನೆಗೆ ನನ್ನ ಮೇಲೆಯೇ ಸಿಟ್ಟು ಬಂತು. ಆ ಲೈಸೆನ್ಸು ಖರೆಯೇ ಇದ್ದರೂ ನಾಳೆ ಮೋಸವಾದರೆ ಮಸ್ಕಿಯ ಹೊಲಿಗೆಯವಳ ದೂರನ್ನು ಆ ದ್ವೀಪದಲ್ಲಿ ಕೇಳುವವರು ಯಾರು? ಇಷ್ಟು ಸಾದಾ ಪ್ರಶ್ನೆ ನನಗೆ ಹಿಂದಿನ ದಿನ ಹೊಳೆದಿರಲಿಲ್ಲ.

ಅವಳು ಹಿಂದಿನ ಸಂಜೆಯೇ ಎಲ್ಲ ಹಾಕಿದ್ದಳು. ನನ್ನ ಮೆಸೇಜ್ ಬಂದ ತಕ್ಷಣ. ದುಪ್ಪಟ್ಟಾಗೇತಿ ನೋಡು ಎಂದು ನಗುತ್ತ ಮೊಬೈಲ್ ತೋರಿಸಿದಳು. ವಾಪಸ್ ತೆಗೆ ನೋಡೋಣ ಎಂದೆ. ಒತ್ತಿದಳು. ಪರಿಶೀಲನೆಗೆಂದು ಮತ್ತಷ್ಟು ದುಡ್ಡು ಕಟ್ಟಿ ಎಂದು ಬಂತು. ಮತ್ತೆ ಒತ್ತಿದಳು, ಅದೇ ಬಂತು. ನನ್ನ ಮುಖ ನೋಡಿ ಅವಳಿಗೆ ತಿಳಿಯಿತು.

ಅವಳು ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ನಾನೇ ಸುಮ್ಮನಿರಲಾರದೆ, ನೀನೂ ಒಂದು ಸಲ ಆ ಲೈಸೆನ್ಸು ಸರಿಯಾಗಿ ನೋಡಬೇಕಿತ್ತು ಎಂದುಬಿಟ್ಟೆ. ಎಂಥ ಹಲ್ಕಾ ಮಾತು.

"ನಾ ಲೈಸೆನ್ಸ್ ನೋಡಿ ಹಾಕಿಲ್ಲಣ್ಣಾ," ಅಂದಳು. "ನೀ ನೋಡೀದಿ ಅಂತ ಹಾಕೀನಿ."

ಬಟ್ಟೆ ಕತ್ತರಿಸುವ ಮೇಜಿನ ಮುಂದೆಯೇ ಅವಳ ಹೆಸರಲ್ಲಿ ಪೊಲೀಸರಿಗೆ ದೂರು ಬರೆಯಲು ಕೂತೆ. ಯಾಕೆ ನಂಬಿದಿರಿ ಎಂದು ಅವರು ಕೇಳೇ ಕೇಳುತ್ತಾರೆ. ಅದಕ್ಕೆ, "ನನ್ನ ಅಣ್ಣ ಪರಿಶೀಲಿಸಿ ಸರಿ ಇದೆ ಎಂದು ಹೇಳಿದ್ದರಿಂದ" ಎಂದು ನನ್ನ ಕೈಯಾರೆ ಬರೆದೆ. ಆ ಸಾಲು ಬರೆಯುವಾಗ ಆದಷ್ಟು ನಾಚಿಕೆ ನನಗೆ ಹಿಂದೆಂದೂ ಆಗಿಲ್ಲ. ಕಾಗದ ಅವಳ ಮುಂದಿಟ್ಟು, ಪೂರ್ತಿ ಓದಿ ಆಮೇಲೆ ಸಹಿ ಮಾಡು ಎಂದೆ.

"ನೀ ಬರದೀದಿ ಅಲ್ಲ," ಎಂದು ಅವಳು ಓದದೆಯೇ ಸಹಿ ಹಾಕಿ ಕೊಟ್ಟಳು.