ಮ್ಯಾಚಿಗೆ ಕುಂಕುಮ ಕೊಟ್ಟು ಕರೆದವರು

ಕಳೆದ ಭಾನುವಾರ ಗ್ಯಾರೇಜಿನಲ್ಲಿ ಹಿಮ ಎತ್ತುವ ಸಲಿಕೆ ಹುಡುಕುತ್ತಿದ್ದೆ. ಹಿಮದ ಸುಳಿವೂ ಇರಲಿಲ್ಲ. ಆದರೆ ನಾನು ಬೇಸಿಗೆಯಲ್ಲೂ ಹಿಮದ ಬಗ್ಗೆ, ಹಿಮ ಬಿದ್ದಾಗ ಅದು ಕರಗಿ ಬೇಸ್‌ಮೆಂಟಿಗೆ ನುಗ್ಗುವುದರ ಬಗ್ಗೆ ಚಿಂತೆ ಮಾಡುವವರ ಪೈಕಿ. ಸಲಿಕೆ ಸಿಗಲಿಲ್ಲ. ಅದನ್ನು ನೇತುಹಾಕುವ ಮೊಳೆಯಲ್ಲಿ ಒಂದು ಪ್ಲಾಸ್ಟಿಕ್ ಚೀಲ ತೂಗುತ್ತಿತ್ತು, ಒಳಗಿನದೆಲ್ಲ ಹೊರಗೆ ಕಾಣುವಂಥದ್ದು. ಇಲ್ಲಿನ ಸ್ಟೇಡಿಯಮ್ಮುಗಳಿಗೆ ಬೇರೆ ಚೀಲ ಒಯ್ಯುವಂತಿಲ್ಲ. ಬೆಳಕಿಗೆ ಹಿಡಿದೆ. ತಳದ ಹೊಲಿಗೆಗುಂಟ ತೆಳ್ಳಗೆ ಒಂದು ಕೆಂಪು ಗೆರೆ. ಬೆರಳಲ್ಲಿ ಒರೆಸಿದರೆ ಬೆರಳು ಕೆಂಪಾಯಿತು. ಇಷ್ಟು ವರ್ಷದ ಮೇಲೂ...

ಅದು ಪಕ್ಕದ ಮನೆ ಆಂಟಿಯ ಚೀಲ. ಆ ಕೆಂಪು, ಅವರ ಭರಣಿಯಿಂದ ಚೆಲ್ಲಿದ ಕುಂಕುಮ.

ನಾವು ಅಮೆರಿಕದ ಈ ನಾರ್ತ್‌ವಿಲ್‌ಗೆ ಮನೆ ಬದಲಾಯಿಸಿದಾಗ ಮೊದಲು ಬಾಗಿಲು ತಟ್ಟಿದ್ದು ಅವರೇ. ಮೈಸೂರಿನವರು. ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರಾಗಿದ್ದು ನಿವೃತ್ತರಾಗಿದ್ದರು. "ಜೀವನ ಪೂರ್ತಿ ಜನಾನ ಮಲಗಿಸಿದೀನಿ, ಇನ್ನು ಎಬ್ಬಿಸೋ ಕೆಲಸ" ಅನ್ನುತ್ತಿದ್ದರು. ನಾವು ಬಂದ ಎರಡನೇ ವರ್ಷ ಅಂಕಲ್ ತೀರಿಕೊಂಡರು. ಮಗಳು ಟೆಕ್ಸಸ್‌ಗೆ ಕರೆದಳು. ಅಲ್ಲಿ ಚಳಿಯೇ ಇಲ್ಲ, ಮನುಷ್ಯರು ಹೇಗಿರುತ್ತಾರೋ ಅಂತ ಇವರು ಹೋಗಲಿಲ್ಲ.

ನನ್ನ ಕೆಲಸದ ಬಗ್ಗೆಯೂ ಒಂದು ಮಾತು ಹೇಳಬೇಕು. ಹತ್ತಿರದ ಒಂದು ಸಣ್ಣ ಕಾಲೇಜಿನ ಟಿಕೆಟ್ ಆಫೀಸಿನಲ್ಲಿ ನನ್ನ ನೌಕರಿ. ಕಾಲೇಜಿಗೊಂದು ಫುಟ್‌ಬಾಲ್ ತಂಡವಿದೆ, ಸೋಲುವುದರಲ್ಲಿ ಪಳಗಿದ್ದು. ಫುಟ್‌ಬಾಲ್ ಅಂದರೆ ಇಲ್ಲಿ ಕಾಲಲ್ಲಿ ಒದೆಯುವುದಲ್ಲ, ಚೆಂಡನ್ನು ಕೈಯಲ್ಲಿ ಅವುಚಿಕೊಂಡು ಓಡುವುದು. ನಮ್ಮ ಸುತ್ತಲಿನ ಜನವೆಲ್ಲ ಫುಟ್‌ಬಾಲ್ ಅಂದರೆ ದೊಡ್ಡ ಯೂನಿವರ್ಸಿಟಿಯ ದೊಡ್ಡ ಸ್ಟೇಡಿಯಮ್ಮಿಗೆ ಹೋಗುವವರು, ಇಲ್ಲವೇ ಸೋಫಾದ ಮೇಲೆ ಕೂತು ಅದನ್ನೇ ಟೀವಿಯಲ್ಲಿ ನೋಡುವವರು. ನಮ್ಮ ಅಂಗಳದಲ್ಲಿ ನಡೆಯುವ ಹೋಮ್ ಗೇಮ್‌ಗೆ ಎಷ್ಟು ಜನ ಬಂದಾರು ಎಂದು ಮುಂಚೆಯೇ ಅಂದಾಜು ಮಾಡಿ ಹೇಳುವುದು ನನ್ನ ಕೆಲಸ. ಎದುರಾಳಿ ಯಾರು, ಕಳೆದ ವಾರ ಗೆದ್ದೆವೋ ಸೋತೆವೋ, ಆಟ ಎಷ್ಟು ಗಂಟೆಗೆ, ಮಳೆಯೋ ಚಳಿಯೋ, ಅದೇ ಹೊತ್ತಿಗೆ ದೊಡ್ಡವರ ಮ್ಯಾಚು ಟೀವಿಯಲ್ಲಿ ಇದೆಯೋ... ಇದನ್ನೆಲ್ಲ ಕಂಪ್ಯೂಟರಿಗೆ ತಿನ್ನಿಸಿದರೆ ಅದೊಂದು ಸಂಖ್ಯೆ ಕಕ್ಕುತ್ತದೆ. ಚಿಂತೆ ಮಾಡುವುದಕ್ಕೇ ಸಂಬಳ. ನನಗಿಂತ ಅರ್ಹರು ಸಿಕ್ಕುವುದು ಕಷ್ಟ.

ಅಂಕಲ್ ಹೋದ ಮರುವರ್ಷ ಅಕ್ಟೋಬರಿನಲ್ಲಿ ಒಂದು ಸಂಜೆ ಆಂಟಿ ಹಿಂಬಾಗಿಲಿನಿಂದ ನಮ್ಮ ಅಡುಗೆಮನೆಗೆ ಬಂದರು.

"ಯಾಕೆ ಮುಖ ಹೀಗೆ? ಮತ್ತೆ ಬೇಸ್‌ಮೆಂಟಲ್ಲಿ ನೀರಾ?"

"ಇಲ್ಲ ಆಂಟಿ, ಟೀಮನ್ನೇ ಮುಚ್ತಾರಂತೆ."

ಆಡಳಿತದವರು ಅಂದು ಮೀಟಿಂಗ್ ಕರೆದು ಹೇಳಿದ್ದರು: ಈ ಸೀಸನ್ನಿನಲ್ಲಿ ಉಳಿದಿರುವುದು ಎರಡು ಹೋಮ್ ಗೇಮ್. ಆಗಲೂ ಬೆಂಚುಗಳು ಹೀಗೇ ಖಾಲಿ ಇದ್ದರೆ ಮುಂದಿನ ವರ್ಷ ತಂಡ ಇರುವುದಿಲ್ಲ. ತಂಡದ ಜೊತೆ ನನ್ನ ನೌಕರಿಯೂ ಹೋಗುತ್ತದೆ ಎಂದು ಯಾರೂ ಹೇಳಲಿಲ್ಲ. ಅಂಥದ್ದನ್ನು ನಾನು ಹೇಳಿಸಿಕೊಳ್ಳದೆಯೇ ತಿಳಿದುಕೊಳ್ಳುತ್ತೇನೆ.

ಆಂಟಿ ಕುರ್ಚಿ ಎಳೆದುಕೊಂಡು ಕೂತರು. "ಹಾಗಾದ್ರೆ ನನ್ನ ಬೆಂಚು?"

ಆ ಬೆಂಚಿನ ಕತೆ ನನಗೆ ಗೊತ್ತಿತ್ತು. ಈ ದೇಶಕ್ಕೆ ಬಂದ ಮೊದಲ ಚಳಿಗಾಲದ ಹೊಸ್ತಿಲಲ್ಲಿ, ಮಾತಾಡಲು ಒಬ್ಬರೂ ಇಲ್ಲದ ಒಂದು ಶನಿವಾರ, ಆಂಟಿ ಬ್ಯಾಂಡಿನ ಸದ್ದು ಕೇಳಿ ನಮ್ಮ ಕಾಲೇಜಿನ ಸ್ಟೇಡಿಯಮ್ಮಿನೊಳಗೆ ನಡೆದುಹೋಗಿದ್ದರು. ಸೀರೆ, ಮೇಲೆ ಎರವಲು ತಂದ ಕೋಟು. ಎಲ್ಲಿ ಕೂರುವುದೆಂದು ತಿಳಿಯದೆ ನಿಂತಾಗ ಒಬ್ಬ ಅಮೆರಿಕನ್ ಅಜ್ಜಿ ಪಕ್ಕಕ್ಕೆ ಸರಿದು, ಬೆಂಚನ್ನು ತಟ್ಟಿ, ಕೂತ ಮೇಲೆ ತನ್ನ ಕಂಬಳಿಯ ಅರ್ಧವನ್ನು ಇವರ ಮೊಣಕಾಲ ಮೇಲೆ ಎಳೆದಳಂತೆ. ಅಂದಿನಿಂದ ಆಂಟಿ ಒಂದು ಹೋಮ್ ಗೇಮನ್ನೂ ತಪ್ಪಿಸಲಿಲ್ಲ. ಅಂಕಲ್‌ಗೆ ಆ ಆಟವೆಂದರೆ ತಲೆನೋವು. ಆಂಟಿ ಒಬ್ಬರೇ ಹೋಗುತ್ತಿದ್ದರು. ಅಜ್ಜಿ ಹೋದ ಮೇಲೂ ಅದೇ ಬೆಂಚು.

"ಜನಾನ ನೀವು ಹೇಗೆ ಕರೀತೀರ?" ಎಂದು ಕೇಳಿದರು.

"ಇಮೇಲ್ ಕಳಿಸ್ತೀವಿ. ಟೆಕ್ಸ್ಟ್ ಮಾಡ್ತೀವಿ. ಒಂದು ಟಿಕೆಟ್ ತೊಗೊಂಡ್ರೆ ಇನ್ನೊಂದು ಫ್ರೀ."

"ಅದು ಕರೆಯೋದಲ್ಲ ಕಣೆ, ನೋಟಿಸು. ನಿನ್ನ ಮದುವೆಗೆ ನಿಮ್ಮಮ್ಮ ಹೀಗೇ ಕರೆದ್ರಾ, ಒಂದು ಊಟಕ್ಕೆ ಒಂದು ಊಟ ಫ್ರೀ ಅಂತ?"

ಮರುದಿನ ಸಂಜೆ ನಮ್ಮ ಬಾಗಿಲಲ್ಲಿ ನಿಂತಿದ್ದರು. ಹಸಿರು ರೇಷ್ಮೆ ಸೀರೆ, ಅದರ ಮೇಲೆ ದಪ್ಪ ಜಾಕೆಟ್ಟು, ಕಾಲಿಗೆ ಬಿಳಿ ಸ್ನೀಕರ್ಸ್, ಹಣೆ ತುಂಬ ಕುಂಕುಮ. ಕೈಯಲ್ಲಿ ಸ್ಟೇಡಿಯಮ್ಮಿನ ಚೀಲ, ಅದರೊಳಗೆ ಬೆಳ್ಳಿಯ ಕುಂಕುಮದ ಭರಣಿ. ಸುತ್ತಲಿನ ಕನ್ನಡದವರ ಮನೆಮನೆಗೆ ಹೋಗಿ, ಹಬ್ಬಕ್ಕೆ ಕರೆಯುವ ಹಾಗೆ, ಕುಂಕುಮ ಕೊಟ್ಟು ಮ್ಯಾಚಿಗೆ ಕರೆಯುವುದು. ನಾನು ಡ್ರೈವ್ ಮಾಡುವುದು. ನನ್ನ ಮಗಳು ಮೆಟ್ಟಿಲ ಮೇಲಿಂದ ನೋಡಿ, "ಅಮ್ಮಾ, ದಿಸ್ ಈಸ್ ಸೋ ಎಂಬರಾಸಿಂಗ್" ಅಂದಳು. ಆಂಟಿ ಅವಳ ಹಣೆಗೂ ಇಟ್ಟರು.

ನನಗೆ ಇನ್ನೊಂದು ಚಿಂತೆ ಹತ್ತಿಕೊಂಡಿತು. ಕಾರಣ ಮ್ಯಾಚಲ್ಲ. ಗಂಡ ಹೋದ ಹೆಂಗಸು ಕುಂಕುಮ ಹಿಡಿದು ಬಾಗಿಲಿಗೆ ಬಂದರೆ ಜನ ಏನಂದಾರು? ನಮ್ಮವರು ಅಟ್ಲಾಂಟಿಕ್ ದಾಟುವಾಗ ಬಿಟ್ಟು ಬಂದದ್ದು ಬಹಳ ಇದೆ, ಇದೊಂದನ್ನು ಮಾತ್ರ ಜೋಪಾನವಾಗಿ ತಂದುಕೊಂಡಿದ್ದಾರೆ.

ಮೊದಲೆರಡು ಮನೆ ಸಲೀಸಾಯಿತು. ಮೂರನೇ ಮನೆಯಲ್ಲಿ ಬಾಗಿಲು ತೆರೆದ ಹುಡುಗಿಯ ಕೈ ಅರ್ಧಕ್ಕೆ ನಿಂತಿತು.

"ಆಂಟಿ, ನೀವು... ಕುಂಕುಮ..."

"ಹೌದಮ್ಮ, ನಾನೇ. ಅಂಕಲ್ ಹೋದ್ರು. ಕರೆಯೋಕೆ ನಾನು ಉಳಿದಿದೀನಲ್ಲ. ತೊಗೋ, ಹಿಡ್ಕೊಂಡು ಕೈ ನೋಯ್ತಿದೆ."

ಹುಡುಗಿ ತೆಗೆದುಕೊಂಡಳು. ಇನ್ನೊಂದು ಮನೆಯಲ್ಲಿ, ನಾನು ಮನೆ ಹೇಳುವುದಿಲ್ಲ, ಯಜಮಾನಿ ಚಪ್ಪಲಿ ಗೂಡನ್ನು ತೋರಿಸಿ, "ಅಲ್ಲಿ ಇಟ್ಟಿರಿ ಆಂಟಿ, ಆಮೇಲೆ ಇಟ್ಕೋತೀನಿ" ಅಂದಳು. ಆಂಟಿ ಭರಣಿಯ ಮುಚ್ಚಳ ಹಾಕಿದರು. "ಕುಂಕುಮ ಬೇಡದಿದ್ರೆ ಬೇಡ. ಮ್ಯಾಚಿಗೆ ಬಾಮ್ಮ. ಬೆಂಚು ಯಾರನ್ನೂ ಏನೂ ಕೇಳಲ್ಲ."

ಕಾರಿನಲ್ಲಿ ಆಂಟಿ ಹೀಟರಿಗೆ ಕೈ ಒಡ್ಡಿಕೊಂಡರು. ಆಮೇಲೆ ಹೇಳಿದ ಮಾತು ನನ್ನ ಕಂಪ್ಯೂಟರಿಗೆ ಇವತ್ತಿಗೂ ಅರ್ಥವಾಗಿಲ್ಲ.

"ಅಂಕಲ್ ಹೋದ ಮೇಲೆ ನನ್ನನ್ನ ಗೌರಿಗೆ ಕರೆಯೋದು ಬಿಟ್ರು. ಬೇಜಾರಾಗುತ್ತೇನೋ ಅಂತ ಕರೀಲಿಲ್ಲ ಆಂಟಿ, ಅಂದ್ರು. ನನ್ನ ಬೇಜಾರು ಎಷ್ಟು ಅಂತ ಅವರೇ ಲೆಕ್ಕ ಹಾಕಿದ್ರು ನೋಡು. ನಾನು ಬರಲ್ಲ ಅಂತ ಅವರು ಕರೀಲಿಲ್ಲ, ಅವರು ಕರೀಲಿಲ್ಲ ಅಂತ ನಾನು ಹೋಗಲಿಲ್ಲ. ನಿನ್ನ ಬೆಂಚುಗಳು ಖಾಲಿ ಆಗಿರೋದೂ ಹೀಗೇ ಕಣೆ. ಮಳೆ ಅಂತೆ, ಟೀವಿ ಅಂತೆ!"

ಶನಿವಾರ ಬಂತು. ಒಂದು ಗಂಟೆಗೆ ಆಟ. ಗೇಟಿನಲ್ಲಿ ಕಾವಲಿನ ಮುದುಕ ಚೀಲದೊಳಗಿನ ಭರಣಿ ನೋಡಿ ಇದೇನೆಂದು ಕೇಳಿದ. ಆಂಟಿ ವಿವರಿಸುವ ಗೋಜಿಗೆ ಹೋಗದೆ ಅವನ ಹಣೆಗೆ ಒಂದು ಚಿಟಿಕೆ ಇಟ್ಟು ಒಳಗೆ ಹೋದರು. ಇಡೀ ಮಧ್ಯಾಹ್ನ ಅವನು ಅದನ್ನು ಒರೆಸಿಕೊಳ್ಳಲಿಲ್ಲ.

ಆಟ ಶುರುವಾಯಿತು. ಎದುರಾಳಿಗಳು ನಮ್ಮನ್ನು ಬಡಿಯುವುದೂ ಶುರುವಾಯಿತು. ನಮ್ಮ ಜನ ಒಬ್ಬರೂ ಇಲ್ಲ. ನಾನು ಗೇಟಿಗೂ ಬೆಂಚಿಗೂ ಓಡಾಡಿದೆ. ಹಾಫ್‌ಟೈಮ್ ಆಯಿತು, ಬ್ಯಾಂಡು ನುಡಿಸಿ ಹೋಯಿತು. ಗೇಟಿನವರು ಟಿಕೆಟ್ ಸ್ಕ್ಯಾನ್ ಮಾಡುವ ಯಂತ್ರಗಳನ್ನು ಪೆಟ್ಟಿಗೆಗೆ ತುಂಬಿದರು. ನಮ್ಮಲ್ಲಿ ಪದ್ಧತಿ ಅದು: ಹಾಫ್‌ಟೈಮ್ ಮುಗಿದರೆ ಗೇಟು ತೆರೆದಿಡುತ್ತಾರೆ, ಯಾರು ಬೇಕಾದರೂ ಬರಬಹುದು, ಆದರೆ ಅವರು ಲೆಕ್ಕಕ್ಕಿಲ್ಲ. ನಾನು ಬಂದು ಆಂಟಿಯ ಪಕ್ಕ ಕುಸಿದೆ.

ನಾಲ್ಕು ಕ್ವಾರ್ಟರಿನ ಆಟದಲ್ಲಿ ಮೂರನೆಯದು ಅರ್ಧ ಕಳೆದಿರಬೇಕು. ಪಾರ್ಕಿಂಗ್ ಕಡೆಯಿಂದ ಮೊದಲು ಒಂದು ಮಿನಿವ್ಯಾನ್ ಬಂತು. ಹಿಂದೆ ಇನ್ನೊಂದು. ಹಿಂದೆ ಸಾಲು ಸಾಲು. ಜಾಕೆಟ್ಟಿನ ಕೆಳಗೆ ರೇಷ್ಮೆ ಸೀರೆಗಳು, ಕಂಬಳಿಗಳು, ಮಕ್ಕಳು, ಅತ್ತೆ ಮಾವಂದಿರು. ಕರೆದ ಮೇಲೆ ನಮ್ಮವರು ಬಾರದಿರುವವರಲ್ಲ. ಬಂದಿದ್ದರು. ಕಾರ್ಯಕ್ರಮ ಒಂದಕ್ಕೆ ಅಂದರೆ ಊಟ ಎಷ್ಟಕ್ಕಿರಬಹುದು ಎಂದು ಲೆಕ್ಕ ಹಾಕಿ, ಆ ಹೊತ್ತಿಗೆ ಸರಿಯಾಗಿ ಬಂದಿದ್ದರು!

ಮುಂದಿದ್ದ ಹುಬ್ಬಳ್ಳಿಯವರೊಬ್ಬರು ನನ್ನನ್ನು ನೋಡಿ ಕೈಯೆತ್ತಿದರು. "ಅಕ್ಕಾರ, ಲಗೂನ ಬಂದ್ವೇನ್ರಿ? ಇನ್ನೂ ಆಡಾಕತ್ತಾರಲ್ಲ!"

ನನಗೆ ಅಳು ಬಂತು. "ಆಂಟಿ, ಇವರು ಯಾರೂ ಲೆಕ್ಕಕ್ಕೆ ಸೇರಲ್ಲ. ಮಷೀನ್ ಎತ್ತಿಟ್ಬಿಟ್ರು."

ಆಂಟಿ ಸರಿದು ಒಬ್ಬರ ಅತ್ತೆಗೆ ಜಾಗ ಕೊಡುತ್ತಿದ್ದರು, ಕಂಬಳಿಯ ಅರ್ಧವನ್ನು ಅವರ ಮೊಣಕಾಲ ಮೇಲೆ ಎಳೆಯುತ್ತ. "ಲೆಕ್ಕಕ್ಕೆ ಸೇರದಿದ್ರೆ ಲೆಕ್ಕದ ಹಣೆಬರಹ" ಅಂದರು. "ಬಂದ್ರೋ ಇಲ್ವೋ?"

ಬಂದಿದ್ದರು. ಚಪ್ಪಲಿ ಗೂಡು ತೋರಿಸಿದ್ದ ಯಜಮಾನಿಯೂ ಬಂದಿದ್ದಳು, ತುದಿಯ ಬೆಂಚಿನಲ್ಲಿ, ಹಣೆ ಖಾಲಿ. ಆಂಟಿ ಅವಳತ್ತ ಕೈ ಬೀಸಿದರು. ಅಂದು ನಮ್ಮವರಿಗೆ ಆಟದ ತಲೆಬುಡ ತಿಳಿಯಲಿಲ್ಲ. ಎದುರಾಳಿಗಳು ಅಂಕ ಗಳಿಸಿದಾಗಲೂ ಚಪ್ಪಾಳೆ ತಟ್ಟಿದರು. ಆಟಗಾರ ಹುಡುಗರು ತಿರುತಿರುಗಿ ಬೆಂಚಿನ ಕಡೆ ನೋಡುತ್ತಿದ್ದರು.

ಸೋಮವಾರ ಆಫೀಸಿನಲ್ಲಿ ಅದೇ ಹಳೆಯ ಸಂಖ್ಯೆ. ಮೇಲಿನವರು ತುಟಿ ಕಚ್ಚಿ ತಲೆಯಾಡಿಸಿದರು. ಉಳಿದದ್ದು ಕೊನೆಯ ಹೋಮ್ ಗೇಮ್ ಒಂದೇ.

ಆಂಟಿ ಮತ್ತೆ ಭರಣಿ ತುಂಬಿದರು. ಈ ಸಲ ಒಂದು ಸಣ್ಣ ಬದಲಾವಣೆ. "ಮುಹೂರ್ತ ಹನ್ನೊಂದಕ್ಕೆ. ಹನ್ನೊಂದು ಅಂದ್ರೆ ಹನ್ನೊಂದು" ಎಂದು ಪ್ರತಿ ಬಾಗಿಲಲ್ಲೂ ಹೇಳಿದರು. ಆಟ ಎಂದಿನಂತೆ ಒಂದಕ್ಕೇ ಇತ್ತು. ನಾನು ಪಕ್ಕದಲ್ಲಿ ನಿಂತು ಬೆವರಿದೆ. ಆಂಟಿ ರೆಪ್ಪೆ ಅಲುಗಿಸಲಿಲ್ಲ.

ಕೊನೆಯ ಮ್ಯಾಚಿನ ದಿನ ಮೂವತ್ತನಾಲ್ಕು ಡಿಗ್ರಿ ಫ್ಯಾರನ್‌ಹೀಟ್, ಅಂದರೆ ನೀರು ಹೆಪ್ಪುಗಟ್ಟಲು ಎರಡೇ ಡಿಗ್ರಿ ಬಾಕಿ, ಮೇಲೆ ಮಂಜು ಬೆರೆತ ಮಳೆ. ನನ್ನ ಕಂಪ್ಯೂಟರ್ ಕೈ ಚೆಲ್ಲಿತ್ತು. ಹನ್ನೆರಡೂವರೆಗೆ ಗೇಟಿನ ಮುಂದೆ ಪ್ಲಾಸ್ಟಿಕ್ ಮಳೆಯಂಗಿಗಳ ಸಾಲು. ತಡವಾಯಿತೆಂದು ಎಲ್ಲರೂ ಓಡೋಡಿ ಬಂದಿದ್ದರು. ಕಾವಲಿನ ಮುದುಕ ತಾನಾಗಿ ಹಣೆ ಒಡ್ಡಿದ. ಸ್ಕ್ಯಾನಿನ ಯಂತ್ರ ಬೀಪ್ ಬೀಪ್ ಅನ್ನುತ್ತಲೇ ಇತ್ತು. ಅದಕ್ಕಿಂತ ಇಂಪಾದ ನಾದವನ್ನು ನಾನು ಇಂದಿಗೂ ಕೇಳಿಲ್ಲ. ನಮ್ಮ ತಂಡ ಸೋತಿತು. ಒಬ್ಬರೂ ಎದ್ದು ಹೋಗಲಿಲ್ಲ.

ತಂಡವನ್ನು "ಇನ್ನೊಂದು ವರ್ಷ ನೋಡೋಣ" ಅಂದರು. ಮರುವರ್ಷವೂ ಅದೇ ಮಾತು. ಹೀಗೆ ಇನ್ನೊಂದು ವರ್ಷ, ಇನ್ನೊಂದು ವರ್ಷ ಎಂದು ಅವರು ಮುಂದೂಡಿದಷ್ಟೂ ಸಲ ಆಂಟಿ ಭರಣಿ ಹಿಡಿದು ಹೊರಟರು. ಮಂಡಿ ನೋವು ಬಂದ ಮೇಲೆ ಕಾರಿನಲ್ಲಿ ಕೂತು ನನ್ನನ್ನು ಬಾಗಿಲಿಗೆ ಕಳಿಸಿ, ಕಿಟಕಿಯಿಂದ ಕೂಗಿ ಕರೆಯುತ್ತಿದ್ದರು.

ಆಂಟಿ ಹೋದದ್ದು ಒಂದು ಫೆಬ್ರವರಿಯಲ್ಲಿ. ಸಾವಿನ ಮನೆಗೆ ಯಾರನ್ನೂ ಕರೆಯುವ ಪದ್ಧತಿ ನಮ್ಮಲ್ಲಿಲ್ಲ. ಯಾರನ್ನೂ ಕರೆದಿರಲಿಲ್ಲ. ರಸ್ತೆಯ ಎರಡೂ ಬದಿ ಕಾರು ನಿಲ್ಲಿಸಲು ಜಾಗ ಇರಲಿಲ್ಲ. ನಮ್ಮ ಜನ ಅವತ್ತು, ಮೊದಲ ಸಲ, ತಾವಾಗಿಯೇ ಹೊತ್ತಿಗಿಂತ ಮುಂಚೆ ಬಂದಿದ್ದರು. ಹಿಂದಿನ ಸಾಲಿನಲ್ಲಿ ಟೊಪ್ಪಿ ಕೈಯಲ್ಲಿ ಹಿಡಿದು ಗೇಟಿನ ಮುದುಕ...

ಈ ವರ್ಷ ಆಡಳಿತ ಬದಲಾಗಿದೆ. ಹೊಸಬರಿಗೆ "ಇನ್ನೊಂದು ವರ್ಷ" ಎನ್ನುವ ಅಭ್ಯಾಸವಿಲ್ಲ. ಈ ಶನಿವಾರದ್ದು ಕೊನೆಯ ಪರೀಕ್ಷೆ ಅಂದಿದ್ದಾರೆ. ಮುನ್ಸೂಚನೆಯಲ್ಲಿ ಮಳೆ, ಚಳಿ, ಟೀವಿಯಲ್ಲಿ ದೊಡ್ಡವರ ಮ್ಯಾಚು. ನನ್ನ ಕಂಪ್ಯೂಟರ್ ಕಕ್ಕಿದ ಸಂಖ್ಯೆಯನ್ನು ಯಾರಿಗೂ ತೋರಿಸದೆ ಮುಚ್ಚಿಟ್ಟು ಗ್ಯಾರೇಜಿಗೆ ಹೋಗಿದ್ದೆ, ಸಲಿಕೆ ಹುಡುಕುವ ನೆಪದಲ್ಲಿ.

ಚೀಲ ಒರೆಸಲಿಲ್ಲ. ಒಳಗೆ ಭರಣಿ ಇಟ್ಟೆ. ಆಂಟಿಯ ಮಗಳು ಟೆಕ್ಸಸ್‌ಗೆ ಒಯ್ಯದೆ ನನಗೇ ಕೊಟ್ಟುಹೋದ ಭರಣಿ. ಎರಡು ಬೀದಿಯಾಚೆಯ ಹೊಸ ಮನೆಗೆ ಮೊದಲು ಹೊರಟೆ. ದಾರಿಯುದ್ದಕ್ಕೂ ನನ್ನ ತಲೆಯೊಳಗೆ ಎಂದಿನ ಮೆರವಣಿಗೆ: ನಾಯಿ ಇದ್ದರೆ? ಬಾಗಿಲು ತೆರೆಯದಿದ್ದರೆ? ತೆರೆದರೆ?

ಬಾಗಿಲು ತೆರೆದವರು ಮಗನ ಮನೆಗೆ ಬಂದಿರುವ ತಾಯಿ. ಬಣ್ಣಗೆಟ್ಟ ಕಾರ್ಡಿಗನ್. ಭರಣಿ ನೋಡಿ ಒಂದು ಹೆಜ್ಜೆ ಹಿಂದೆ ಸರಿದರು.

"ಸೊಸೆ ಮನೇಲಿಲ್ಲಮ್ಮ. ನನಗೆ ಕುಂಕುಮ... ನಮ್ಮನೆಯವರು ಹೋದ್ರು, ಬೇಸಿಗೇಲಿ."

"ಗೊತ್ತಮ್ಮ. ಅದಕ್ಕೇ ನಿಮ್ಮನೆಗೇ ಮೊದಲು ಬಂದೆ."

ಭರಣಿಯ ಮುಚ್ಚಳ ತೆರೆದು ಮುಂದೆ ಹಿಡಿದೆ, ಆಂಟಿ ಹಿಡಿಯುತ್ತಿದ್ದ ಹಾಗೆ. ಆ ಸ್ಥಾನ ನನಗೆ ದೊಡ್ಡದು, ಗೊತ್ತು. ಬೆಂಚಿನಲ್ಲಿ ಕೂತಾಗ ಈಗಲೂ ಎಡಕ್ಕೆ ಸರಿದೇ ಕೂರುತ್ತೇನೆ, ಅವರು ಬಂದಾರು ಎಂಬಂತೆ. ಬರುವುದಿಲ್ಲ. ಆ ಜಾಗ ಖಾಲಿಯೇ ಇದೆ. ಶನಿವಾರ ಅದರಲ್ಲಿ ಯಾರಾದರೂ ಕೂರಬೇಕು.

ಆ ತಾಯಿ ಭರಣಿಯನ್ನೇ ನೋಡುತ್ತ ನಿಂತಿದ್ದರು. ನಾನು ಹಿಂದೆಗೆಯಲಿಲ್ಲ. ಸಾಕಷ್ಟು ಹೊತ್ತಾದ ಮೇಲೆ ಅವರ ಉಂಗುರಬೆರಳು ಮುಂದೆ ಬಂತು.

"ಯಾವ ಪೂಜೆಯಮ್ಮ?" ಎಂದು ಕೇಳಿದರು.

"ಮ್ಯಾಚು" ಅಂದೆ. "ಶನಿವಾರ. ಮುಹೂರ್ತ ಹನ್ನೊಂದಕ್ಕೆ. ಹನ್ನೊಂದು ಅಂದ್ರೆ ಹನ್ನೊಂದು."